ಒಂದು ವರ್ಷ ದೊಡ್ಡಮ್ಮ, ಮರುವರ್ಷ ಬೇಡ

ಉತ್ತರ ಕನ್ನಡದ ಘಟ್ಟದ ಮೇಲಿರುವ ಶಿರಸಿ ಅಡಿಕೆ, ಕಾಳುಮೆಣಸಿನ ವಹಿವಾಟಿನ ಊರು. ಸುತ್ತಲಿನ ಹಳ್ಳಿಯವರು ಸಂತೆಗೆ, ಕಚೇರಿಗೆ, ಕಾಲೇಜಿಗೆ ಬಂದು ಸಂಜೆಯ ಬಸ್ಸಿಗೆ ಮರಳುತ್ತಾರೆ. ಫಾಲ್ಗುಣ ಬಂದರೆ ಮಾತ್ರ ಈ ಪೇಟೆಗೆ ರಾತ್ರಿಯ ನಿದ್ದೆ ಇಲ್ಲ. ಒಂದು ವರ್ಷ ಮಾರಿಕಾಂಬಾ ದೇವಿಯ ಜಾತ್ರೆ, ಮರುವರ್ಷ ಹೋಳಿಯ ಬೇಡರ ವೇಷ. ಎರಡೂ ಒಂದೇ ವರ್ಷಕ್ಕೆ ಬರುವುದಿಲ್ಲ. 2024ರಲ್ಲಿ ಜಾತ್ರೆ ನಡೆಯಿತು, 2025ರಲ್ಲಿ ಬೇಡ ಕುಣಿದ. ಯಾರ ಮನೆಗೆ ಯಾವ ವರ್ಷ ನೆಂಟರು ಬರಬೇಕು ಎಂಬುದನ್ನೂ ಇಲ್ಲಿ ಈ ಲೆಕ್ಕವೇ ತೀರ್ಮಾನಿಸುತ್ತದೆ.

ಊರಿನವರ ಬಾಯಲ್ಲಿ ಮಾರಿಕಾಂಬೆ ‘ದೊಡ್ಡಮ್ಮ’. ಹುಲಿಯನ್ನೇರಿ ಅಸುರನನ್ನು ಕೊಲ್ಲುತ್ತಿರುವ, ಎಂಟು ಕೈಗಳ, ಏಳಡಿ ಎತ್ತರದ ಮರದ ಮೂರ್ತಿ. ಹಾನಗಲ್ಲಿನ ಜಾತ್ರೆ ಮುಗಿದ ಮೇಲೆ ದೇವಿಯ ಮೂರ್ತಿಯನ್ನು ಬಿಡಿಸಿ, ಒಡವೆಗಳ ಜೊತೆ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ಕಳ್ಳರು ಒಡವೆ ಹಂಚಿಕೊಂಡು ಪೆಟ್ಟಿಗೆಯನ್ನು ಶಿರಸಿಯ ಕೆರೆಗೆ ಎಸೆದು ಹೋದರು, ಅಲ್ಲಿಂದ ದೇವಿ ಎದ್ದು ಬಂದಳು ಎನ್ನುತ್ತದೆ ಸ್ಥಳಪುರಾಣ. ಆ ಕೆರೆಯೇ ದೇವಿಕೆರೆ. ಪ್ರತಿಷ್ಠೆ ನಡೆದದ್ದು 17ನೇ ಶತಮಾನದ ಕೊನೆಯಲ್ಲಿ. ಇಂದಿಗೂ ಹಾನಗಲ್ಲು, ಹಾವೇರಿ ಕಡೆಯ ಮಂದಿ ಸಂಸಾರ ಸಮೇತ ಬಂದು ಉಡಿ ತುಂಬಿ ಹೋಗುತ್ತಾರೆ. ಬಯಲುಸೀಮೆಯೂ ಮಲೆನಾಡೂ ಸೇರುವ ಜಾತ್ರೆ ಇದು.

ಜಾತ್ರೆಯ ಒಂಬತ್ತು ದಿನಗಳು ಮಾತ್ರ ಹೊರಗಿನವರ ಕಣ್ಣಿಗೆ ಬೀಳುತ್ತವೆ. ಊರು ಅದಕ್ಕೆ ಎಷ್ಟೋ ಮೊದಲೇ ಸಜ್ಜಾಗಲು ತೊಡಗಿರುತ್ತದೆ. ಹೊರಬೀಡು, ಅಂಕೆ ಹಾಕುವುದು, ರಥಕ್ಕೆ ಮರ ತರುವುದು, ಮೇಟಿ ದೀಪ ಹೀಗೆ ವಿಧಿಗಳು ಒಂದರ ಬೆನ್ನಿಗೆ ಒಂದು ನಡೆಯುತ್ತವೆ. ಇವುಗಳನ್ನು ನಡೆಸುವವರು ಬಾಬುದಾರರು, ಅಂದರೆ ತಲೆತಲಾಂತರದಿಂದ ಸೇವೆಯ ಹಕ್ಕು ಪಡೆದ ಮನೆತನದವರು. ದೇವಿಯ ಪೂಜಾರಿಗಳು ವಿಶ್ವಕರ್ಮ ಸಮುದಾಯದವರು. ಅಸಾದಿಗಳಿಗೆ ಬೇರೆ ಕೆಲಸ, ಮೇಟಿಗಳಿಗೆ ಬೇರೆ ಕೆಲಸ, ನಾಡಿಗರಿಗೆ ಮತ್ತೊಂದು. ಒಬ್ಬರು ಕೈಬಿಟ್ಟರೆ ಇನ್ನೊಬ್ಬರ ಕೆಲಸ ಮುಂದೆ ಹೋಗುವುದಿಲ್ಲ. ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಬುಧವಾರ ಬೆಳಿಗ್ಗೆ ರಥೋತ್ಸವ. ಬಿಡಕಿಬಯಲಿನ ಗದ್ದುಗೆ ಏರಿದ ದೊಡ್ಡಮ್ಮ ಮುಂದಿನ ಬುಧವಾರದವರೆಗೆ ಅಲ್ಲೇ ಇರುತ್ತಾಳೆ. ಅವಳು ಗದ್ದುಗೆಯಿಂದ ಇಳಿದು ಹೊರಟ ಮೇಲೆ ಚಪ್ಪರಕ್ಕೆ ಬೆಂಕಿ ಬೀಳುತ್ತದೆ. ಯುಗಾದಿಗೆ ಮರುಪ್ರತಿಷ್ಠೆ ಆಗುವವರೆಗೆ ಗುಡಿಯಲ್ಲಿ ದರ್ಶನವಿಲ್ಲ.

ಸಂಪ್ರದಾಯ ಬದಲಾಗದೆಂದು ವಾದಿಸುವವರು ಶಿರಸಿಯ ಇತಿಹಾಸವನ್ನೊಮ್ಮೆ ಓದಬೇಕು. ಈ ಜಾತ್ರೆಯಲ್ಲಿ ಕೋಣನ ಬಲಿ ಇತ್ತು. 1934ರಲ್ಲಿ ಹರಿಜನ ಪ್ರವಾಸದ ಹಾದಿಯಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ, ಪ್ರಾಣಿಬಲಿ ನಡೆಯುವ, ದಲಿತರಿಗೆ ಪ್ರವೇಶವಿಲ್ಲದ ಗುಡಿಯೊಳಗೆ ಕಾಲಿಡಲು ಒಪ್ಪಲಿಲ್ಲ. ದೇವಸ್ಥಾನದ ಮುಖ್ಯಸ್ಥರಾಗಿದ್ದ ಗಾಂಧಿವಾದಿ ವಿಠ್ಠಲರಾವ್ ಹೊಡಿಕೆ ಮತ್ತವರ ಜೊತೆಗಾರರು ಊರಿನ ಮನವೊಲಿಸಿದರು. ಬಲಿ ನಿಂತಿತು, ಬಾಗಿಲು ಎಲ್ಲರಿಗೂ ತೆರೆಯಿತು. ಜಾತ್ರೆಗೆ ಅದರಿಂದ ಎಳ್ಳಷ್ಟೂ ಕುಂದು ಬರಲಿಲ್ಲ. ಶಿರಸಿಯವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಮೊದಲ ಸಂಗತಿ ಇದೇ ಎಂದು ನನ್ನ ನಂಬಿಕೆ.

ಗುಡಿಗೆ ಹೋದವರು ಪೌಳಿಯ ಗೋಡೆಗಳ ಕಡೆಗೂ ನೋಡಬೇಕು. ಕೊಂಕಣ, ಗೋವಾ ಸೀಮೆಯ ಕಾವಿ ಕಲೆಗೆ ಈ ದೇವಸ್ಥಾನ ಹೆಸರಾದದ್ದು. ಹದಗೊಳಿಸಿದ ಸುಣ್ಣದ ಗಾರೆಯನ್ನು ಬಳಿದು, ಅದರ ಮೇಲೆ ಉರುಮಂಜಿನ ಕೆಂಪು ಪದರ ಹಚ್ಚುತ್ತಾರೆ. ಅದು ಹಸಿಯಿರುವಾಗಲೇ ಲೋಹದ ಮೊನೆಯಿಂದ ಗೀರಿ, ಬೇಡದ ಕೆಂಪನ್ನು ಕೆರೆದು ತೆಗೆದರೆ ಅಡಿಯ ಬಿಳುಪು ಮೇಲೆ ಬಂದು ಚಿತ್ರ ಮೂಡುತ್ತದೆ. ಗಾರೆ ಆರಿದರೆ ಮುಗಿಯಿತು, ತಿದ್ದಲು ಬರುವುದಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಟೈಲ್ಸ್, ಆಯಿಲ್ ಪೇಂಟ್ ಹತ್ತಿಸಿ ಕರಾವಳಿಯ ಎಷ್ಟೋ ಗುಡಿಗಳು ಈ ಸಂಪತ್ತನ್ನು ಕಳೆದುಕೊಂಡಿವೆ. ಉಳಿದಿರುವ ಒಂದೊಂದು ಮೊಳ ಗೋಡೆಯನ್ನೂ ಕಾಪಾಡಲೇಬೇಕು.

ಇನ್ನು ಬೇಡರ ವೇಷ. ಸೋಂದೆ ಅರಸರ ಕಾಲದಲ್ಲಿ ಊರಿನ ಕಾವಲಿಗೆಂದು ನೇಮಕವಾದ ಬೇಡರ ಯುವಕ ಮಲ್ಲೇಶಿ ಬರಬರುತ್ತಾ ಊರಿಗೇ ಕಂಟಕನಾದ. ಹೆಣ್ಣುಮಕ್ಕಳ ಮೇಲೆ ಕಣ್ಣು ಹಾಕಿದ. ಶೆಟ್ಟರ ಮನೆಯ ಮಗಳು ರುದ್ರಾಂಬಿಕೆ ಜನರ ಹಿತಕ್ಕಾಗಿ ಅವನನ್ನು ಮದುವೆಯಾಗಿ, ಹೋಳಿಯ ಹೊತ್ತಿನಲ್ಲಿ ಅವನ ಕಣ್ಣು ಕೆಡಿಸಿ ಸೆರೆಸಿಕ್ಕುವಂತೆ ಮಾಡಿ, ಕೊನೆಗೆ ತಾನೂ ಪ್ರಾಣ ಬಿಟ್ಟಳು. ಊರಿನಲ್ಲಿ ನಡೆದುಬಂದ ಕಥೆ ಇದು. ದಾಖಲೆ ಕೇಳಿದರೆ ಕೊಡಲು ಯಾರ ಬಳಿಯೂ ಇಲ್ಲ. ಆದರೆ ಕುಣಿತವನ್ನು ನೋಡಿದರೆ ಕಥೆ ಕಣ್ಣೆದುರು ನಿಲ್ಲುತ್ತದೆ.

ಮುಖಕ್ಕೆ ಕೆಂಪು, ಹತ್ತಿಯ ದಪ್ಪ ಮೀಸೆ, ಬೆನ್ನಿಗೆ ಬಿಚ್ಚಿ ಕಟ್ಟಿದ ನವಿಲುಗರಿ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಸೊಂಟಕ್ಕೆ ಬಿಗಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಹಿಡಿದಿರುತ್ತಾರೆ. ಹಲಗೆಯ ಪೆಟ್ಟು ಚುರುಕಾದಂತೆ ಬೇಡ ಗಿರ್ರನೆ ತಿರುಗಿ ಜನರ ಮೇಲೆ ಹಾಯುತ್ತಾನೆ, ಹಗ್ಗದವರು ಕಾಲೂರಿ ಹಿಂದಕ್ಕೆ ಜಗ್ಗುತ್ತಾರೆ. ಈ ಎಳೆದಾಟದಲ್ಲೇ ಇಡೀ ಕುಣಿತದ ಜೀವ ಇದೆ. ನಾನು ಕಂಡಂತೆ, ಹಗ್ಗ ಹಿಡಿಯುವವನಿಗೂ ಬೇಡನಷ್ಟೇ ತಾಳದ ಹಿಡಿತ ಬೇಕು. ಸಡಿಲ ಬಿಟ್ಟರೆ ಕತ್ತಿ ಜನರ ಮೇಲೆ ಹೋಗುತ್ತದೆ, ಬಿಗಿ ಹಿಡಿದರೆ ಕುಣಿತ ಸಾಯುತ್ತದೆ. ಬೇಡನಿಗೆ ಸಿಗುವ ಚಪ್ಪಾಳೆಯಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಕಡಿಮೆ.

ಈ ವೇಷಕ್ಕೆ ಮೇಳವಿಲ್ಲ, ಟಿಕೆಟ್ಟಿಲ್ಲ. ಕೇರಿಗೊಂದು ತಂಡ ಕಟ್ಟಿ, ತಿಂಗಳ ಮೊದಲೇ ತಾಲೀಮು ಶುರು ಮಾಡುತ್ತಾರೆ. ಹಗಲು ಅಂಗಡಿ, ಗ್ಯಾರೇಜು, ಆಟೋ ನೋಡಿಕೊಳ್ಳುವ ಹುಡುಗರು ರಾತ್ರಿ ಹೆಜ್ಜೆ ಕಲಿಯುತ್ತಾರೆ. ತಪ್ಪು ಹೆಜ್ಜೆಯನ್ನು ತಿದ್ದುವವರು ಹಿಂದೆ ತಾವೇ ಬೇಡನಾಗಿ ಕುಣಿದ ಹಿರಿಯರು. ಪುಸ್ತಕವಿಲ್ಲದೆ ಇಷ್ಟು ತಲೆಮಾರು ದಾಟಿ ಬಂದ ಕಲೆ ಇದು.

ಇದೇ ತಾಲೂಕಿನ ಬನವಾಸಿಯಲ್ಲಿ ಸರ್ಕಾರ ಕದಂಬೋತ್ಸವ ನಡೆಸಿ, ಪಂಪ ಪ್ರಶಸ್ತಿ ನೀಡುತ್ತದೆ. ದೊಡ್ಡ ವೇದಿಕೆ, ಹೆಸರಾಂತ ಕಲಾವಿದರು, ಒಳ್ಳೆಯ ಕಾರ್ಯಕ್ರಮಗಳು. ಅದು ಬೇಕು. ಆದರೆ ವೇದಿಕೆಯ ಉತ್ಸವ ನಿಂತಿರುವುದು ಅನುದಾನದ ಮೇಲೆ, ಕೇರಿಯ ಉತ್ಸವ ನಿಂತಿರುವುದು ವಂತಿಗೆ ಮತ್ತು ಮೈಮುರಿತದ ಮೇಲೆ. ಬೇಡರ ವೇಷವನ್ನು ಹತ್ತು ನಿಮಿಷಕ್ಕೆ ಕತ್ತರಿಸಿ ವೇದಿಕೆಗೆ ಏರಿಸುವ ಬದಲು, ಬಣ್ಣ, ಗರಿ, ಹಲಗೆಯ ಖರ್ಚಿಗೆ ಕೇರಿಯ ತಂಡಗಳಿಗೇ ನೆರವು ಕೊಟ್ಟರೆ ಒಳಿತು.

ನೋಡಬೇಕೆನ್ನುವವರು ಬೆಸಸಂಖ್ಯೆಯ ವರ್ಷದಲ್ಲಿ, ಹೋಳಿ ಹುಣ್ಣಿಮೆಯ ಹೊತ್ತಿನ ನಾಲ್ಕೈದು ರಾತ್ರಿಗಳಲ್ಲಿ ಶಿರಸಿಗೆ ಬರಬೇಕು. ಸಾಧ್ಯವಾದರೆ ಸಂಜೆಯೇ ಬಂದು, ಬಣ್ಣ ಹಚ್ಚುವ ಮನೆಯನ್ನು ಕೇಳಿಕೊಂಡು ಹೋಗಿ. ವೇಷ ಕಟ್ಟುವುದು ಗಂಟೆಗಟ್ಟಲೆಯ ಕೆಲಸ. ಕೂತು ನೋಡುವವರನ್ನು ಯಾರೂ ಎಬ್ಬಿಸುವುದಿಲ್ಲ.