ಬಾಡಿಗೆ ಮನೆಗೆ ನೀರು ನುಗ್ಗಿದ್ರೆ ನಿಮ್ಮ ಸಾಮಾನಿನ ದುಡ್ಡು ಯಾರು ಕೊಡ್ತಾರೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಕೆಲವು ಕಡೆ ಚಿಕ್ಕದು ಮಾಡಲಾಗಿದೆ.)

ಇವತ್ತಿನ ಎಪಿಸೋಡ್ ಬಾಡಿಗೆ ಮನೆಯಲ್ಲಿ ಇರೋರಿಗೆ. ಪಿಜಿ ಬಿಟ್ಟು ಮೊದಲ ಸಲ ಮನೆ ಮಾಡಿದೋರಿಗೆ, ಫ್ರೆಂಡ್ಸ್ ಜೊತೆ ಟೂ ಬಿಎಚ್‌ಕೆ ಹಂಚಿಕೊಂಡಿರೋರಿಗೆ, ಈಗಷ್ಟೇ ಇಎಂಐನಲ್ಲಿ ಫ್ರಿಜ್ಜು, ವಾಷಿಂಗ್ ಮಷೀನು ತಗೊಂಡೋರಿಗೆ. ಮನೆ ಓನರ್‌ಗಳೂ ಕೇಳಿ, ಇದರಲ್ಲಿ ಅರ್ಧ ಪಾಲು ನಿಮ್ಮದೂ ಇದೆ.

2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಾ? ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ, ಯಮಲೂರು ಕಡೆ ಒಂದೇ ರಾತ್ರಿಯ ಮಳೆಗೆ ಬಡಾವಣೆಗಳೇ ಮುಳುಗಿದ್ವು. ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಿಡಿಯೊಗಳನ್ನ ನೀವೂ ನೋಡಿರ್ತೀರಿ. ಆ ವಿಡಿಯೊಗಳಲ್ಲಿ ಕಾಣದೇ ಹೋಗಿದ್ದು ಆಮೇಲಿನ ವಾರಗಳು. ನೆಲ ಮಹಡಿಯಲ್ಲಿದ್ದ ಹಾಸಿಗೆ, ಫ್ರಿಜ್ಜು, ಬಟ್ಟೆ, ಲ್ಯಾಪ್‌ಟಾಪ್, ಇವುಗಳ ಲೆಕ್ಕ ಯಾರು ತೀರಿಸಿದ್ರು?

ಈ ಪ್ರಶ್ನೆಗೆ ನಾನು ಹೆಚ್ಚಾಗಿ ಕೇಳೋ ಉತ್ತರ: 'ಓನರ್ ಇನ್ಶೂರೆನ್ಸ್ ಮಾಡ್ಸಿರ್ತಾರೆ ಬಿಡಿ.' ಮಾಡಿಸಿರಬಹುದು. ಆದರೆ ಅದರಿಂದ ನಿಮಗೆ ಒಂದು ರೂಪಾಯಿಯೂ ಬರಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಇದನ್ನೇ.

ಗೋಡೆ ಅವರದು, ಗಂಟುಮೂಟೆ ನಿಮ್ಮದು

ವಿಮೆಯ ಮೂಲ ನಿಯಮ ಸರಳ. ಒಂದು ವಸ್ತು ಹಾಳಾದರೆ ಯಾರಿಗೆ ನಷ್ಟವೋ, ಅದಕ್ಕೆ ವಿಮೆ ಮಾಡಿಸುವ ಹಕ್ಕೂ ಅವರದೇ. ಗೋಡೆ, ಚಾವಣಿ, ನೆಲ, ಪೈಪ್‌ಲೈನ್, ವೈರಿಂಗ್ ಹಾಳಾದರೆ ನಷ್ಟ ಓನರ್‌ಗೆ. ಅದು ಕಟ್ಟಡದ ವಿಮೆ. ನಿಮ್ಮ ಮಂಚ, ಟಿವಿ, ಬಟ್ಟೆ, ಮಿಕ್ಸಿ ಹಾಳಾದರೆ ನಷ್ಟ ನಿಮಗೆ. ಅದು ಮನೆಯೊಳಗಿನ ಸಾಮಾನಿನ ವಿಮೆ. ಅದನ್ನ ನೀವೇ ಮಾಡಿಸಬೇಕು, ಬೇರೆ ಯಾರೂ ಮಾಡಿಸಿರಲ್ಲ.

ಅಪಾರ್ಟ್‌ಮೆಂಟ್‌ನಲ್ಲಿ ಇರೋರಿಗೆ ಇನ್ನೊಂದು ಭ್ರಮೆ ಇದೆ. ಅಸೋಸಿಯೇಷನ್‌ನವರು ಮೇಂಟೆನೆನ್ಸ್ ದುಡ್ಡಲ್ಲಿ ವಿಮೆ ಮಾಡ್ಸಿದ್ದಾರೆ, ಅಷ್ಟು ಸಾಕು ಅಂತ. ಅಂಥ ಪಾಲಿಸಿ ಸಾಮಾನ್ಯವಾಗಿ ಕಟ್ಟಡಕ್ಕೆ, ಲಿಫ್ಟು, ಜನರೇಟರ್‌ನಂಥ ಎಲ್ಲರಿಗೂ ಸೇರಿದ್ದಕ್ಕೆ. ನಿಮ್ಮ ಫ್ಲ್ಯಾಟಿನ ಬಾಗಿಲ ಒಳಗಿರುವ ನಿಮ್ಮ ಸೋಫಾ ಅದರ ಲೆಕ್ಕಕ್ಕೆ ಬರಲ್ಲ.

ಸೆಮಿ ಫರ್ನಿಶ್ಡ್ ಅಂದ್ರೆ ಯಾರದ್ದು ಯಾವುದು?

ಗೋಜಲು ಶುರುವಾಗೋದು ಇಲ್ಲಿ. ಗೀಸರ್, ಫ್ಯಾನು, ವಾರ್ಡ್‌ರೋಬ್, ಮಾಡ್ಯುಲರ್ ಕಿಚನ್, ಕೆಲವು ಕಡೆ ಎಸಿ, ಇವೆಲ್ಲ ಓನರ್ ಕೊಟ್ಟಿರ್ತಾರೆ. ಇವು ಅವರ ಆಸ್ತಿ, ವಿಮೆಯೂ ಅವರ ಜವಾಬ್ದಾರಿ. ಬಾಡಿಗೆದಾರ ತಗೊಂಡ ಪಾಲಿಸಿಯಲ್ಲಿ ಓನರ್ ಕೊಟ್ಟ ಎಸಿಗೆ ಕ್ಲೇಮ್ ಹಾಕೋಕೆ ಆಗಲ್ಲ. ಹಾಗೇ ಓನರ್ ಪಾಲಿಸಿಯಲ್ಲಿ ನಿಮ್ಮ ಫ್ರಿಜ್ಜಿಗೂ ಆಗಲ್ಲ.

ಹಾಗಾಗಿ ಅಗ್ರಿಮೆಂಟ್‌ನ ಕೊನೇ ಪುಟದಲ್ಲಿ ಬರೋ ಸಾಮಾನಿನ ಪಟ್ಟಿಯನ್ನ ಕಣ್ಣಾಡಿಸದೆ ಸಹಿ ಹಾಕಬೇಡಿ. ಬರೀ 'ಫ್ಯಾನ್ 4, ಗೀಸರ್ 1' ಅಂತಿದ್ದರೆ ಸಾಲದು. ಯಾವ ಕಂಪನಿಯದು, ಕೆಲಸ ಮಾಡ್ತಿದೆಯಾ ಅಂತಲೂ ಬರೆಸಿ. ಮನೆಗೆ ಕಾಲಿಡೋ ದಿನ ಒಂದು ವಿಡಿಯೊ ಮಾಡಿ ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿ. ಮುಂದೆ ವಿಮೆ ಕ್ಲೇಮ್‌ಗೂ ಅದೇ ಸಾಕ್ಷಿ, ಅಡ್ವಾನ್ಸ್ ವಾಪಸ್ ಕೇಳುವಾಗಲೂ ಅದೇ ಸಾಕ್ಷಿ.

ರೂಮ್‌ಮೇಟ್ಸ್ ಇದ್ದರೆ ಇನ್ನೂ ಒಂದು ಮಾತು. ನಿಮ್ಮ ಹೆಸರಿನ ಪಾಲಿಸಿ ನಿಮ್ಮ ಸಾಮಾನಿಗೆ. ರೂಮ್‌ಮೇಟ್ ನಿಮ್ಮ ಕುಟುಂಬದವರಲ್ಲ. ಅವರ ಸಾಮಾನಿಗೆ ಅವರೇ ಬೇರೆ ಪಾಲಿಸಿ ತಗೊಳ್ಳೋದು ಒಳ್ಳೇದು.

ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಬಹುದಾ?

ಪ್ರವಾಹದಿಂದ ಗೋಡೆ ಬಣ್ಣ ಹೋಯ್ತು, ವಾರ್ಡ್‌ರೋಬ್ ಉಬ್ಬಿತು. ಓನರ್ ಇದನ್ನ ನಿಮ್ಮ ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಬಹುದಾ?

ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆ ಅಂತ ಒಂದಿದೆ. ಅದರ 108ನೇ ಸೆಕ್ಷನ್ ಮನೆ ಕೊಟ್ಟೋರ, ತಗೊಂಡೋರ ಹೊಣೆಗಳನ್ನ ಹೇಳುತ್ತೆ. ಬಾಡಿಗೆದಾರ ಮನೆಯನ್ನ ತಗೊಂಡಾಗ ಇದ್ದ ಹಾಗೇ ಇಟ್ಟುಕೊಂಡು ವಾಪಸ್ ಕೊಡಬೇಕು. ಆದರೆ ಬಳಕೆಯಿಂದ ಆಗೋ ಸಹಜ ಸವೆತ, ಮತ್ತು ಯಾರೂ ತಡೆಯಲಾಗದ ಶಕ್ತಿಯಿಂದ ಆದ ಹಾನಿ ಇದಕ್ಕೆ ಹೊರತು. ಬೆಂಕಿ, ಬಿರುಗಾಳಿ, ಪ್ರವಾಹದಿಂದ ಮನೆ ವಾಸಕ್ಕೇ ಶಾಶ್ವತವಾಗಿ ಅಯೋಗ್ಯವಾದರೆ, ಅದರಲ್ಲಿ ಬಾಡಿಗೆದಾರನ ತಪ್ಪಿಲ್ಲದಿದ್ದರೆ, ಕರಾರು ಮುಗಿಸುವ ಆಯ್ಕೆಯೂ ಅವನಿಗಿದೆ. ಮನೆಯಲ್ಲಿ ಮೇಲ್ನೋಟಕ್ಕೆ ಕಾಣದ ದೊಡ್ಡ ದೋಷ ಓನರ್‌ಗೆ ಗೊತ್ತಿದ್ದರೆ ಅದನ್ನ ಮುಂಚೆಯೇ ಹೇಳಬೇಕು ಅಂತಲೂ ಇದೆ. 'ಮಳೆಗಾಲದಲ್ಲಿ ಇಲ್ಲಿ ನೀರು ಬರುತ್ತಾ ಸರ್?' ಅಂತ ಕೇಳಿ, ಉತ್ತರವನ್ನ ಮೆಸೇಜ್‌ನಲ್ಲಿ ಪಡ್ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಆದರೆ ಈ ಸೆಕ್ಷನ್‌ನಲ್ಲೇ ಒಂದು ಷರತ್ತಿದೆ: ಅಗ್ರಿಮೆಂಟ್‌ನಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತೆ. 'ಯಾವುದೇ ಕಾರಣದ ಹಾನಿಗೂ ಬಾಡಿಗೆದಾರನೇ ಹೊಣೆ' ಅನ್ನೋ ಸಾಲು ಕಂಡರೆ 'ನೈಸರ್ಗಿಕ ವಿಕೋಪ ಹೊರತುಪಡಿಸಿ' ಅಂತ ಸೇರಿಸಲು ಕೇಳಿ.

ನಿಮ್ಮ ಅಜಾಗರೂಕತೆಯಿಂದ ಆದ ಹಾನಿಯ ಕಥೆ ಬೇರೆ. ಒಲೆ ಹಚ್ಚಿಟ್ಟು ಹೊರಗೆ ಹೋಗಿ ಅಡುಗೆಮನೆ ಸುಟ್ಟರೆ ಓನರ್ ಪರಿಹಾರ ಕೇಳಬಹುದು. ಸಾಮಾನಿನ ವಿಮೆ ಅದನ್ನ ತುಂಬಿಕೊಡಲ್ಲ. ಬೇರೆಯವರ ಆಸ್ತಿಗೆ ಆದ ಹಾನಿಯ ಹೊಣೆಗೆ ಪ್ರತ್ಯೇಕ ಕವರ್ ಬೇಕು.

ಪಾಲಿಸಿ ಒಳಗೆ ಏನಿದೆ, ಏನಿಲ್ಲ

ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನೋ ಒಂದೇ ಮಾದರಿಯ ಪಾಲಿಸಿ ತಂದಿದೆ. ಕಂಪನಿ ಯಾವುದಾದರೂ ಮೂಲ ಷರತ್ತು ಒಂದೇ. ಕಟ್ಟಡ ಬಿಟ್ಟು ಸಾಮಾನಿಗೆ ಮಾತ್ರವೂ ತಗೋಬಹುದು. ಬಾಡಿಗೆದಾರರಿಗೆ ಬೇಕಿರೋದು ಇದೇ.

ಬೆಂಕಿ, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ ಇದರಲ್ಲಿವೆ. ನೀರಿನ ಟ್ಯಾಂಕು, ಪೈಪು ಒಡೆದು ಅಥವಾ ಉಕ್ಕಿ ಆದ ಹಾನಿಯೂ ಇದೆ. ಮೇಲಿನ ಮನೆಯ ಪೈಪ್ ಒಡೆದು ನಿಮ್ಮ ಹಾಸಿಗೆ ನೆಂದರೆ ಕೇಳಬಹುದು. ಆದರೆ ತಿಂಗಳುಗಟ್ಟಲೆ ಗೋಡೆ ಜಿನುಗಿ ಬಟ್ಟೆಗೆ ಬೂಷ್ಟು ಹಿಡಿದರೆ ಅದು ನಿಧಾನವಾಗಿ ಆದ ಹಾಳು, ಕೊಡಲ್ಲ.

ಈಗ ಎಲ್ಲರೂ ಎಡವೋ ಜಾಗ, ಕಳ್ಳತನ. ಮೂಲ ಪಾಲಿಸಿಯಲ್ಲಿ ಕಳ್ಳತನಕ್ಕೆ ಹಣ ಸಿಗೋದು ಪ್ರವಾಹ, ಬೆಂಕಿಯಂಥ ಅನಾಹುತ ಆದ 7 ದಿನದೊಳಗೆ, ಅದರಿಂದಾಗಿ ಕಳುವಾದರೆ ಮಾತ್ರ. ನೀವು ಹಬ್ಬಕ್ಕೆ ಊರಿಗೆ ಹೋದಾಗ ಬೀಗ ಮುರಿದು ಟಿವಿ ಹೊತ್ತೊಯ್ದರೆ ಇದರಲ್ಲಿ ಬರಲ್ಲ. ಅದಕ್ಕೆ ಕಳ್ಳತನದ ಕವರ್ ಬೇರೆಯಾಗಿ ಸೇರಿಸಬೇಕು. ಬೆಂಗಳೂರಿನಲ್ಲಿ ಮನೆ ಬೀಗ ಹಾಕಿ ಊರಿಗೆ ಹೋಗೋರು ಇದನ್ನ ಕೇಳದೇ ಪಾಲಿಸಿ ತಗೋಬೇಡಿ.

ಇನ್ನೊಂದು: ಶಾರ್ಟ್ ಸರ್ಕ್ಯೂಟ್ ಆಗಿ ಫ್ರಿಜ್ಜು ಸುಟ್ಟರೆ ಆ ಫ್ರಿಜ್ಜಿಗೆ ದುಡ್ಡು ಬರಲ್ಲ. ಆದರೆ ಆ ಬೆಂಕಿ ಹಬ್ಬಿ ಸುಟ್ಟ ಪಕ್ಕದ ಸಾಮಾನಿಗೆ ಬರುತ್ತೆ.

ನಗದು, ದಾಖಲೆ ಪತ್ರ, ವಾಹನ ಇದರಲ್ಲಿಲ್ಲ. ಬೇಸ್‌ಮೆಂಟ್‌ನಲ್ಲಿ ಮುಳುಗಿದ ಬೈಕಿಗೆ ಬೈಕಿನದೇ ವಿಮೆ ಬೇಕು, ಅದೂ ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಸಿಗಲ್ಲ. ಒಡವೆಗೆ ಬೇರೆಯಾಗಿ ಕವರ್ ತಗೋಬೇಕು. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ನಿಮ್ಮದಲ್ಲ, ಅದನ್ನ ಪಟ್ಟಿಗೆ ಸೇರಿಸಬೇಡಿ.

ಎಷ್ಟಕ್ಕೆ ಮಾಡಿಸಬೇಕು?

ನಮ್ಮ ಸಾಮಾನು ಏನು ಮಹಾ ಅನಿಸುತ್ತೆ. ಒಂದು ಸಾದಾ ಒನ್ ಬಿಎಚ್‌ಕೆ ಮನೆಯನ್ನ ಊಹಿಸಿಕೊಂಡು ಅಂದಾಜಿನ ಲೆಕ್ಕ ಹಾಕೋಣ. ಸ್ವಂತ ಲ್ಯಾಪ್‌ಟಾಪ್ 70,000, ಫೋನ್ 25,000, ಫ್ರಿಜ್ಜು 22,000, ವಾಷಿಂಗ್ ಮಷೀನ್ 20,000, ಟಿವಿ 30,000, ಮಂಚ ಹಾಸಿಗೆ 25,000, ಬಟ್ಟೆ 40,000, ಅಡುಗೆಮನೆ ಸಾಮಾನು 20,000. ಒಟ್ಟು 2,52,000 ರೂಪಾಯಿ. ಒಂದೇ ದಿನದಲ್ಲಿ ಇಷ್ಟನ್ನೂ ಮತ್ತೆ ಕೊಳ್ಳೋ ಶಕ್ತಿ ಇದೆಯಾ ಅಂತ ಕೇಳಿಕೊಳ್ಳಿ. ಇಷ್ಟು ಮೊತ್ತಕ್ಕೆ ವರ್ಷದ ಪ್ರೀಮಿಯಂ ಸಾಮಾನ್ಯವಾಗಿ ನಿಮ್ಮ ಒಂದು ತಿಂಗಳ ಬಾಡಿಗೆಗಿಂತ ತೀರಾ ಕಡಿಮೆ ಇರುತ್ತೆ. ಎರಡು ಮೂರು ಕಡೆ ಕೇಳಿ, ಹೋಲಿಸಿ.

ಓನರ್‌ಗಳಿಗೆ: ಕಟ್ಟಡದ ವಿಮೆಯನ್ನ ಮತ್ತೆ ಕಟ್ಟಲು ತಗಲೋ ಖರ್ಚಿಗೆ ಮಾಡಿಸಿ, ಸೈಟಿನ ಬೆಲೆ ಸೇರಿಸಬೇಡಿ. ಸೈಟು ಸುಡಲ್ಲ. ಕಟ್ಟಡದ ಪಾಲಿಸಿ ಜೊತೆಗೇ ಆ ಮೊತ್ತದ 20%ರಷ್ಟು, ಗರಿಷ್ಠ 10 ಲಕ್ಷದವರೆಗೆ, ನಿಮ್ಮ ಸಾಮಾನಿಗೂ ಕವರ್ ಸೇರಿರುತ್ತೆ. 40 ಲಕ್ಷದ ಕಟ್ಟಡವಾದರೆ 8 ಲಕ್ಷ. ಮನೆ ವಾಸಕ್ಕೆ ಆಗದೆ ಬಾಡಿಗೆ ನಿಂತರೆ ಆ ನಷ್ಟಕ್ಕೂ ಅವಕಾಶವಿದೆ.

ಅನಾಹುತ ಆದ ದಿನ ಏನು ಮಾಡಬೇಕು?

ಮೊದಲು ಜೀವ. ಮೇನ್ ಸ್ವಿಚ್ ಆಫ್ ಮಾಡಿ, ನೀರು ಅಷ್ಟರಲ್ಲೇ ಅಲ್ಲಿಗೆ ಬಂದಿದ್ದರೆ ಮುಟ್ಟಬೇಡಿ, ಹೊರಗೆ ಬನ್ನಿ. ಆಮೇಲೆ ಫೋಟೊ, ವಿಡಿಯೊ. ಗೋಡೆ ಮೇಲೆ ನೀರು ಎಲ್ಲಿವರೆಗೆ ಬಂದಿತ್ತು ಅನ್ನೋ ಗುರುತೂ ಕಾಣಲಿ. ಕಂಪನಿಗೆ ಅವತ್ತೇ ತಿಳಿಸಿ, ದೂರಿನ ನಂಬರ್ ತಗೊಳ್ಳಿ. ಓನರ್‌ಗೂ ಹೇಳಿ, ಅವರ ಕ್ಲೇಮ್ ಬೇರೆ ಇರುತ್ತೆ.

ಒದ್ದೆ ಹಾಸಿಗೆ ನಾರುತ್ತೆ, ಬಿಸಾಡೋಣ ಅನಿಸುತ್ತೆ. ಸರ್ವೇಯರ್ ಬಂದು ನೋಡೋವರೆಗೆ, ಅಥವಾ ಕಂಪನಿ ಬರವಣಿಗೆಯಲ್ಲಿ ಒಪ್ಪೋವರೆಗೆ, ತಾರಸಿ ಮೇಲಾದರೂ ಇಟ್ಟಿರಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳ್ಳತನವಾದರೆ ಎಫ್‌ಐಆರ್ ಬೇಕಾಗುತ್ತೆ. ಬಿಲ್‌ಗಳನ್ನ ಇವತ್ತೇ ಒಂದು ಇಮೇಲ್ ಫೋಲ್ಡರ್‌ಗೆ ಹಾಕಿ. ಕಾಗದದ ಬಿಲ್ಲು ಬೀರುವಿನಲ್ಲಿದ್ದರೆ ಬೀರುವಿನ ಜೊತೆ ಅದೂ ಮುಳುಗುತ್ತೆ.

ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಮೊದಲು ಅವರಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಅನಿಸದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಬೆಂಗಳೂರಲ್ಲೇ ಕಚೇರಿ ಇದೆ, ಫೀಸಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಕೇಳ್ತಾರೆ.

ಈ ಭಾನುವಾರ ಒಂದರ್ಧ ಗಂಟೆ ಬಿಡುವು ಮಾಡ್ಕೊಳ್ಳಿ. ಅಗ್ರಿಮೆಂಟ್ ತೆಗೆದು ಹಾನಿಯ ಸಾಲು ಓದಿ. ಮನೆ ಪೂರ್ತಿ ವಿಡಿಯೊ ಮಾಡಿ. ಸಾಮಾನಿನ ಲೆಕ್ಕ ಹಾಕಿ. ಮಳೆ ಶುರುವಾಗಿ ನೀರು ಹೊಸ್ತಿಲಿಗೆ ಬಂದ ಮೇಲೆ ಪಾಲಿಸಿ ಕೊಂಡು ಪ್ರಯೋಜನ ಇಲ್ಲ. ನಿಮ್ಮ ಅಗ್ರಿಮೆಂಟ್‌ನಲ್ಲಿ ವಿಚಿತ್ರವಾದ ಷರತ್ತೇನಾದ್ರೂ ಇದ್ದರೆ ನಮಗೆ ಬರೆದು ಕಳಿಸಿ, ಇನ್ನೊಂದು ಎಪಿಸೋಡ್‌ನಲ್ಲಿ ಬಿಡಿಸಿ ನೋಡೋಣ. ರೂಮ್‌ಮೇಟ್‌ಗೂ ಇದನ್ನ ಕಳಿಸಿ.