ಒಂದೇ ಚಿತ್ರಕ್ಕೆ ಎರಡು ಬೆಳಕು

ದೀಪಾವಳಿಯ ಸಂಜೆ. ಜಗಲಿಯ ಮೇಲೆ ಹಣತೆಗಳ ಸಾಲು. ಅದರ ಮುಂದೆ ನಮ್ಮ ತಂಗಿ ನಿಂತಿದ್ದಾಳೆ. ಡಿಜಿಟಲ್ ಕ್ಯಾಮೆರಾದ ಫ್ಲಾಷ್ ಮಿಂಚಿತು. ಚಿತ್ರವನ್ನು ನೋಡಿದರೆ ಅವಳ ಮುಖ ಸುಣ್ಣ ಬಳಿದಂತೆ ಬಿಳಿಚಿದೆ; ಹಿಂದಿನ ಮನೆಯೆಲ್ಲ ಕತ್ತಲಲ್ಲಿ ಮುಳುಗಿದೆ. ಹಬ್ಬವೇ ಚಿತ್ರದಿಂದ ಮಾಯವಾಗಿದೆಯಲ್ಲ! ಫ್ಲಾಷನ್ನು ದೂರುವ ಮೊದಲು ಕಾರಣವನ್ನು ವಿಚಾರಿಸೋಣ.

ಇಂಥ ಚಿತ್ರವನ್ನು ಮೂಡಿಸುವ ಬೆಳಕು ಒಂದಲ್ಲ, ಎರಡು. ಹಣತೆಯ ಬೆಳಕು ಷಟರು ತೆರೆದಿರುವಷ್ಟು ಹೊತ್ತೂ ಒಂದೇ ಸಮನೆ ಒಳಗೆ ಬರುತ್ತಿರುವುದು. ಫ್ಲಾಷಿನ ಬೆಳಕು ಹಾಗಲ್ಲ. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತು ಕ್ಸೆನಾನ್ ಅನಿಲದ ಕೊಳವೆಯಲ್ಲಿ ಹರಿದಾಗ ಹೊಮ್ಮುವ ಈ ಬೆಳಕು ಸುಮಾರು 1/1000 ಸೆಕೆಂಡಿನಲ್ಲಿ, ಕೆಲವೊಮ್ಮೆ ಇನ್ನೂ ಬೇಗ, ಮುಗಿದುಹೋಗುವುದು. ಷಟರಿನ ಕಾಲವನ್ನು 1/60 ಸೆಕೆಂಡಿನಿಂದ 1/4 ಸೆಕೆಂಡಿಗೆ ಹೆಚ್ಚಿಸಿದರೆ ಹಣತೆಯ ಬೆಳಕು 15 ಪಟ್ಟಾಗುತ್ತದೆ. ಫ್ಲಾಷಿನದು ಇದ್ದಷ್ಟೇ ಇರುತ್ತದೆ. ಅದರ ಮೇಲೆ, ಫ್ಲಾಷಿನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ತಗ್ಗುವುದು: 2 ಮೀಟರಿನಲ್ಲಿರುವ ಮುಖಕ್ಕೆ ಬೀಳುವ ಬೆಳಕಿನ 1/9 ಭಾಗ ಮಾತ್ರ 6 ಮೀಟರಿನಲ್ಲಿರುವ ಗೋಡೆಗೆ ಸಿಕ್ಕುವುದು. ಗೋಡೆಯನ್ನು ಬೆಳಗಬೇಕಾದುದು ಹಣತೆಯೇ ಎಂದಾಯಿತು. ಅದಕ್ಕೆ ಕಾಲಾವಕಾಶ ಬೇಕು.

ಆ ಕಾಲವನ್ನು ಗೊತ್ತುಮಾಡುವವರು ಯಾರು? ಕ್ಯಾಮೆರಾದ ಬಿಲ್ಲೆಯ ಮೇಲಿನ ಅಕ್ಷರಗಳು ಹೇಳುವುದು ಇದನ್ನೇ.

'ಪಿ'ಯಲ್ಲಿ ಕಾಲವನ್ನೂ ಮಸೂರದ ರಂಧ್ರವನ್ನೂ ಕ್ಯಾಮೆರಾವೇ ಆರಿಸುವುದು. ಕೈ ನಡುಗಿದರೂ ಚಿತ್ರ ಕೆಡದಿರಲೆಂದು ಹಲವು ಕ್ಯಾಮೆರಾಗಳು 1/60 ಸೆಕೆಂಡಿಗಿಂತ ನಿಧಾನಿಸುವುದಿಲ್ಲ. ಕತ್ತಲೆಯ ಗೋಡೆಗೆ ಇದೇ ಮೂಲ.

'ಎ' ಅಥವಾ 'ಎವಿ'ಯಲ್ಲಿ ರಂಧ್ರ ನಮ್ಮದು, ಕಾಲ ಕ್ಯಾಮೆರಾದ್ದು. ಕೆಲವು ಕ್ಯಾಮೆರಾಗಳು ಹಣತೆಯ ಮಂದ ಬೆಳಕನ್ನು ಅಳೆದು ಇಡೀ ಒಂದು ಸೆಕೆಂಡು ಷಟರನ್ನು ತೆರೆದಿಡುವುದುಂಟು. ಕೈಯಲ್ಲಿ ಹಿಡಿದರೆ ಹಿನ್ನೆಲೆ ಕದಡಿಹೋದೀತು. ಇನ್ನು ಕೆಲವು, 'ಸ್ಲೋ ಸಿಂಕ್' ಎಂದು ನಾವು ಅಪ್ಪಣೆ ಕೊಟ್ಟ ಹೊರತು, ಇಲ್ಲಿಯೂ 1/60ರಲ್ಲೇ ನಿಲ್ಲುವುವು.

'ಎಸ್' ಅಥವಾ 'ಟಿವಿ'ಯಲ್ಲಿ ಕಾಲವನ್ನು ನಾವು ಆರಿಸುತ್ತೇವೆ. ಆದರೆ ಪರದೆಗಳಿರುವ ಷಟರಿನಲ್ಲಿ ಸಾಮಾನ್ಯವಾಗಿ 1/200 ಅಥವಾ 1/250 ಸೆಕೆಂಡೇ ವೇಗದ ಮಿತಿ. ಅದನ್ನು ಮೀರಿದರೆ ಎರಡು ಪರದೆಗಳ ನಡುವೆ ಒಂದು ಸೀಳು ಮಾತ್ರ ಸರಿಯುವುದು. ಕ್ಷಣಿಕವಾದ ಫ್ಲಾಷ್ ಚಿತ್ರದ ಒಂದು ಪಟ್ಟಿಯನ್ನಷ್ಟೇ ಬೆಳಗೀತು.

'ಎಂ'ನಲ್ಲಿ ಎರಡೂ ನಮ್ಮವು. ಆದರೂ ಸ್ವಯಂಚಾಲಿತ ಫ್ಲಾಷ್ ತನ್ನ ಬೆಳಕಿನ ಪ್ರಮಾಣವನ್ನು ತಾನೇ ಅಳೆದು ಕೊಡುವುದು.

ಇಷ್ಟು ತಿಳಿದ ಮೇಲೆ ನಾವು ಮತ್ತೆ ಜಗಲಿಗೆ ಹೋದೆವು. ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಅಲುಗದಂತೆ ಇಟ್ಟು, 'ಎಂ'ನಲ್ಲಿ ಐಎಸ್‌ಒ 400, ರಂಧ್ರ ಎಫ್/4, ಕಾಲ 1/4 ಸೆಕೆಂಡು ಎಂದು ಗೊತ್ತುಮಾಡಿ, ಫ್ಲಾಷನ್ನು ಅರ್ಧಕ್ಕೆ ಇಳಿಸಿದೆವು. ತಂಗಿಗೆ ಅಲುಗಬೇಡವೆಂದೆವು. ಈ ಸಲ ಅವಳ ಮುಖದೊಡನೆ ಗೋಡೆಯ ಹೊಂಬಣ್ಣವೂ ಮೂಡಿತು. ವಾಚಕರು 1/8, 1/4, 1/2 ಸೆಕೆಂಡುಗಳಲ್ಲಿ ಮೂರು ಚಿತ್ರಗಳನ್ನು ತೆಗೆದು ಹೋಲಿಸಲಿ. ಮುಖವು ಹೆಚ್ಚು ಬದಲಾಗದೆ ಗೋಡೆ ಮಾತ್ರ ಬೆಳಗುತ್ತ ಹೋಗುವುದನ್ನು ತಾವೇ ಕಾಣಬಹುದು.