ಗಾಳಿ ಫ್ಯಾನು, ರಸ್ತೆ ಮತ್ತು ಹೊರದೇಶದ ದುಡ್ಡು

ಗದಗ ಜಿಲ್ಲೆಯಲ್ಲಿ, ಶರಣೆ ಭೀಮಾಂಬಿಕೆಯ ಊರಾದ ಇಟಗಿಯ ಕಟ್ಟೆಯ ಮೇಲೆ ಕೂತರೆ ಮಳೆ, ಕಡಲೆ ರೇಟು ಆದಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಗಾಳಿ ಫ್ಯಾನಿನ ಮಾತು ಬರುತ್ತದೆ, ಅದರ ಬೆನ್ನಿಗೇ ಹೊರದೇಶದ ದುಡ್ಡಿನ ಮಾತೂ. ವಿದೇಶಿ ಬಂಡವಾಳದ ಬಗ್ಗೆ ಅಲ್ಲಿ ಓಡಾಡುವ ಕೆಲವು ನಂಬಿಕೆಗಳನ್ನು ಇಲ್ಲಿ ಪರೀಕ್ಷಿಸಿದ್ದೇನೆ.

ತಪ್ಪು ಕಲ್ಪನೆ: ರಸ್ತೆ, ರೈಲು ಇದ್ದರೆ ಕಂಪನಿ ತಾನಾಗಿ ಬರುತ್ತದೆ.

ವಾಸ್ತವ: ನಮ್ಮ ಜಿಲ್ಲೆಯದೇ ಹಳ್ಳಿಗುಡಿಯನ್ನು ನೋಡಿ. ಗದಗ–ಕೊಪ್ಪಳ ಹೆದ್ದಾರಿ, ರೈಲು ಮಾರ್ಗ ಎರಡೂ ಅಲ್ಲಿವೆ. 2010ರಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಅಲ್ಲಿ 32 ಸಾವಿರ ಕೋಟಿ ರೂಪಾಯಿಗೂ ಮೀರಿದ ಉಕ್ಕಿನ ಕಾರ್ಖಾನೆಗೆ ಮುಂದಾಯಿತು. ಭೂಮಿ ಕೊಡಲು ರೈತರು ಒಪ್ಪಲಿಲ್ಲ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಬೆನ್ನಿಗೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. 2013ರಲ್ಲಿ ಕಂಪನಿಯೂ ಹಿಂದೆ ಸರಿಯಿತು. ಉಣಿಸುವ ಹೊಲದ ಬಗ್ಗೆ ಉಳುವವನನ್ನೇ ಮೊದಲು ಕೇಳಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ತಪ್ಪು ಕಲ್ಪನೆ: ಹಾಗಾದರೆ ಮೂಲಸೌಕರ್ಯ ದೊಡ್ಡ ಮಾತಲ್ಲ.

ವಾಸ್ತವ: ಫ್ಯಾನಿನ ಒಂದು ರೆಕ್ಕೆ ಹೊತ್ತ ಲಾರಿ ಊರ ತಿರುವಿನಲ್ಲಿ ಹೊರಳುವುದನ್ನು ನೋಡಿದವರು ಹೀಗೆನ್ನಲಾರರು. ರೆಕ್ಕೆಯೇ 50 ಮೀಟರಿಗೂ ಉದ್ದ. ತಿರುವಿಗೆ ಮೊರಂ ಹಾಕಿ ಅಗಲ ಮಾಡಬೇಕು, ಅಡ್ಡ ಬಂದ ತಂತಿ ಎತ್ತಬೇಕು, ಲಾರಿ ಇಂಚಿಂಚಾಗಿ ಸರಿಯಬೇಕು. ಫ್ಯಾನು ನಿಂತ ಮೇಲೂ ಕರೆಂಟು ಸಾಗಿಸಲು ಸಬ್‌ಸ್ಟೇಷನ್, ದೊಡ್ಡ ಲೈನು ಬೇಕು. ಅವಿಲ್ಲದಿದ್ದರೆ ಎಷ್ಟು ಗಾಳಿ ಬೀಸಿದರೂ ಯಾರೂ ದುಡ್ಡು ಹೂಡುವುದಿಲ್ಲ.

ತಪ್ಪು ಕಲ್ಪನೆ: ವಿದೇಶಿ ನೆರವು ಬಂದಲ್ಲಿ ವಿದೇಶಿ ಕಂಪನಿಯೂ ಬರುತ್ತದೆ.

ವಾಸ್ತವ: ವಿಶ್ವಬ್ಯಾಂಕ್ ನೆರವಿನ ಜಲನಿರ್ಮಲ ಯೋಜನೆ ಗದಗ ಸೇರಿ ಉತ್ತರ ಕರ್ನಾಟಕದ 11 ಜಿಲ್ಲೆಗಳಲ್ಲಿ ನಡೆಯಿತು. ಅದು ದಾನವಲ್ಲ, ತೀರಿಸಬೇಕಾದ ಸಾಲ. ಅದರ ಗುರಿ ಹಳ್ಳಿಗೆ ಕುಡಿಯುವ ನೀರು, ಕಂಪನಿ ಕರೆತರುವುದಲ್ಲ. 2010ರಲ್ಲಿ ಕಿಮುರಾ, ಟೊಡೊ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲೂ ನೆರವಿನಿಂದ ಒಟ್ಟಾರೆ ವಿದೇಶಿ ಬಂಡವಾಳ ಹೆಚ್ಚಿದ್ದು ಕಾಣಲಿಲ್ಲ. ಜಪಾನಿನ ಮೂಲಸೌಕರ್ಯ ನೆರವಿನ ಹಿಂದೆ ಮಾತ್ರ ಜಪಾನಿನ ಕಂಪನಿಗಳು ಬಂದಿದ್ದವು.

ತಪ್ಪು ಕಲ್ಪನೆ: ವಿದೇಶಿ ಬಂಡವಾಳ ಎಂದರೆ ಊರಿಗೆ ನೌಕರಿ.

ವಾಸ್ತವ: ನೌಕರಿಯ ಲೆಕ್ಕದಲ್ಲಿ ಉಕ್ಕಿನ ಕಾರ್ಖಾನೆಗೂ ಗಾಳಿ ಫ್ಯಾನಿಗೂ ಹೋಲಿಕೆಯಿಲ್ಲ. ಫ್ಯಾನು ನಿಂತ ಮೇಲೆ ಉಳಿಯುವುದು ಕಾವಲುಗಾರರು, ಕೆಲವು ತಂತ್ರಜ್ಞರು.

ನಿಮ್ಮ ಹೊಲಕ್ಕೂ ಗಾಳಿ ಫ್ಯಾನಿನ ಕಂಪನಿಯವರು ಬಂದರೆ ಕರಾರು ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಎಷ್ಟು ವರ್ಷ, ಎಷ್ಟು ಬಾಡಿಗೆ, ಹೊಲದೊಳಗೆ ಮಾಡುವ ದಾರಿ ಯಾರದು ಎಂಬುದನ್ನು ಓದಿಸಿಕೊಂಡ ಮೇಲೆಯೇ ಸಹಿ ಮಾಡಿ.